ಯಾವ ಸಂದಿ ಮುಚ್ಚಬೇಕು, ಯಾವುದನ್ನು ಬಿಡಬೇಕು?

ಕಳೆದ ಜನವರಿಯ ಒಂದು ರಾತ್ರಿ ಊಟ ಮುಗಿಸಿ ಕುಳಿತಿದ್ದೆ. ಗಂಟೆ ಒಂಬತ್ತೂವರೆ. ಫೋನ್ ಬಂತು. ನಮ್ಮ ಶಾಲೆಯಲ್ಲಿ ಓದಿ ಈಗ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಗಂಡನೊಡನೆ ಇರುವ ಹಳೆಯ ವಿದ್ಯಾರ್ಥಿನಿ. ಅಲ್ಲಿ ಆಗ ಬೆಳಗಿನ ಹನ್ನೊಂದು.

"ಸಾರ್, ಉಷ್ಣದ ಪಾಠದ್ದೊಂದು ಪ್ರಶ್ನೆ ಇದೆ" ಎಂದಳು.

ಅವರದು ಹಳೆಯ ಕಾಲದ ಎರಡು ಅಂತಸ್ತಿನ ಮರದ ಮನೆ. ಕೂರುವ ಕೋಣೆಯಲ್ಲಿ ಸೌದೆ ಉರಿಸುವ ಕಬ್ಬಿಣದ ಒಲೆ. ಒಲೆಯ ಕೆಳಗೆ ಇಟ್ಟಿಗೆಯ ಹಾಸು, ಅದರ ಸುತ್ತ ಮರದ ಹಲಗೆಯ ನೆಲ. ಇಟ್ಟಿಗೆಗೂ ಹಲಗೆಗೂ ನಡುವೆ ಒಂದೂವರೆ ಮೀಟರ್ ಉದ್ದಕ್ಕೆ, ಕಿರುಬೆರಳು ತೂರುವಷ್ಟು ಅಗಲದ ಸಂದಿ. ನೆಲದ ಕೆಳಗೆ ಹೊರಗಿನ ಗಾಳಿ ಓಡಾಡುವ ಪೊಳ್ಳು ಜಾಗ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ. ಒಂಬತ್ತು ತಿಂಗಳ ಮಗು ಅಂಬೆಗಾಲಿಡುತ್ತ ಅಲ್ಲೇ ಓಡಾಡುತ್ತದೆ. ಒಲೆ ಚೆನ್ನಾಗಿ ಉರಿದಷ್ಟೂ ಆ ಸಂದಿಯಿಂದ ಬರುವ ಥಂಡಿ ಗಾಳಿ ಹೆಚ್ಚುತ್ತದಂತೆ!

"ಅಂಗಡಿಯಿಂದ ನಾಲ್ಕು ಡಬ್ಬಿ ಫೋಮ್ ತಂದಿದ್ದೇವೆ ಸಾರ್. ಒತ್ತಿದರೆ ನೊರೆ ಉಬ್ಬಿ ಗಟ್ಟಿಯಾಗುತ್ತದೆ. ಮಧ್ಯಾಹ್ನ ತುಂಬಿಸಿಬಿಡುತ್ತೇವೆ. ಆದರೆ ಒಲೆ ಉರಿದಷ್ಟೂ ಚಳಿ ಹೆಚ್ಚುವುದು ಯಾಕೆ ಅಂತ ಮಾತ್ರ ಗೊತ್ತಾಗಲಿಲ್ಲ."

"ನೋಡಮ್ಮ, ಇವತ್ತು ಬೇಡ. ಡಬ್ಬಿಗಳನ್ನು ಪಕ್ಕಕ್ಕಿಡು. ಮೊದಲು ಒಂದು ಅಳತೆಪಟ್ಟಿ ತೆಗೆದುಕೊಂಡು ಬಾ" ಎಂದೆ. ಆ ರಾತ್ರಿ ನಾವಿಬ್ಬರೂ ಮಾಡಿದ ಲೆಕ್ಕ ನಮ್ಮ ನಾಡಿನ ಮನೆಗಳಿಗೂ ಬೇಕಾದದ್ದು. ಅದಕ್ಕೇ ಈ ವಾರ ಅದನ್ನೇ ಬರೆಯುತ್ತಿದ್ದೇನೆ.

ಗಾಳಿಯನ್ನು ಎಳೆಯುವವರು ಯಾರು?

ಬಿಸಿಗಾಳಿ ಹಗುರ, ತಣ್ಣನೆಯ ಗಾಳಿ ಭಾರ. ಇದು ಏಳನೇ ತರಗತಿಯ ಮಕ್ಕಳಿಗೂ ಗೊತ್ತು. ಎಷ್ಟು ಹಗುರ ಎಂಬುದನ್ನು ಲೆಕ್ಕ ಹಾಕೋಣ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿ ಸುಮಾರು 1.20 ಕಿಲೋಗ್ರಾಂ ತೂಗುತ್ತದೆ. ಸೊನ್ನೆಗಿಂತ 10 ಡಿಗ್ರಿ ಕೆಳಗಿರುವ ಗಾಳಿ ಸುಮಾರು 1.34 ಕಿಲೋಗ್ರಾಂ. ವ್ಯತ್ಯಾಸ 0.14 ಕಿಲೋಗ್ರಾಂ ಮಾತ್ರ. ಆದರೆ ಮನೆ ಆರು ಮೀಟರ್ ಎತ್ತರ. ಆರು ಮೀಟರ್ ಎತ್ತರದ ಬೆಚ್ಚನೆಯ ಗಾಳಿಯ ಕಂಬಕ್ಕೂ ಹೊರಗಿನ ತಣ್ಣನೆಯ ಗಾಳಿಯ ಕಂಬಕ್ಕೂ ಒತ್ತಡದಲ್ಲಿ ಸುಮಾರು 8 ಪಾಸ್ಕಲ್ ವ್ಯತ್ಯಾಸ ಬರುತ್ತದೆ. ಅಂದರೆ ನೀರಿನ ಕಂಬದ ಲೆಕ್ಕದಲ್ಲಿ ಒಂದು ಮಿಲಿಮೀಟರ್‌ಗೂ ಕಡಿಮೆ.

ಇಷ್ಟು ಸಣ್ಣ ಒತ್ತಡ ಏನು ಮಾಡೀತು ಎನ್ನಬೇಡಿ. ಬೆಚ್ಚನೆಯ ಗಾಳಿ ಮೇಲಿನ ಕಿಟಕಿ, ಮಾಡಿನ ಸಂದಿಗಳಿಂದ ಹೊರಗೆ ಹೋಗುತ್ತದೆ; ಅಷ್ಟೇ ಗಾಳಿ ಕೆಳಗಿನ ಸಂದಿಗಳಿಂದ ಒಳಗೆ ಬರಲೇಬೇಕು. ಒತ್ತಡದ ಅರ್ಧ ಭಾಗ, ಅಂದರೆ 4 ಪಾಸ್ಕಲ್, ಕೆಳಗಿನ ಸಂದಿಯ ಮೇಲೆ ಬಿದ್ದರೂ ಗಾಳಿ ಸೆಕೆಂಡಿಗೆ ಸುಮಾರು ಎರಡು ಮೀಟರ್ ವೇಗದಲ್ಲಿ ನುಗ್ಗುತ್ತದೆ. ಒಂದೂವರೆ ಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲದ ಸಂದಿಯಿಂದ ಗಂಟೆಗೆ 60 ಘನಮೀಟರ್‌ಗೂ ಹೆಚ್ಚು ಥಂಡಿ ಗಾಳಿ ಬರುತ್ತದೆ. ಅದು ಒಂದು ಸಾಧಾರಣ ಕೋಣೆಯ ಪೂರ್ತಿ ಗಾಳಿಗಿಂತ ಹೆಚ್ಚು.

ಇದರ ಜೊತೆಗೆ ಒಲೆಯೂ ಗಾಳಿ ಕೇಳುತ್ತದೆ. ಒಂದು ಕಿಲೋ ಒಣಸೌದೆ ಪೂರ್ತಿ ಉರಿಯಲು ಸುಮಾರು ಆರು ಕಿಲೋ ಗಾಳಿ ಬೇಕು. ಅದು ಐದು ಘನಮೀಟರ್. ನಿಜವಾದ ಒಲೆಯಲ್ಲಿ ಇದರ ಎರಡರಷ್ಟು ಗಾಳಿ ಹಾದುಹೋಗುತ್ತದೆ ಎಂದುಕೊಳ್ಳಿ. ಗಂಟೆಗೆ ಎರಡು ಕಿಲೋ ಸೌದೆ ಉರಿದರೆ 20 ಘನಮೀಟರ್. ಒಲೆ ಚುರುಕಾದಷ್ಟೂ ಮನೆ ಬೆಚ್ಚಗಾಗುತ್ತದೆ, ಚಿಮಣಿಯ ಸೆಳೆತವೂ ಹೆಚ್ಚುತ್ತದೆ, ಸಂದಿಯ ಗಾಳಿಯೂ ಹೆಚ್ಚುತ್ತದೆ. ನನ್ನ ವಿದ್ಯಾರ್ಥಿನಿಯ ಒಗಟಿಗೆ ಉತ್ತರ ಸಿಕ್ಕಿತಲ್ಲವೇ? ಇನ್ನೊಂದು ಮಾತೂ ಈ ಲೆಕ್ಕದಿಂದ ತಿಳಿಯಿತು. ಒಲೆಗೆ ಬೇಕಾದದ್ದು 20, ಸಂದಿಯಿಂದ ಬರುತ್ತಿರುವುದು 60ಕ್ಕೂ ಹೆಚ್ಚು. ಹಳೆಯ ಮನೆಗೆ ಬೇರೆ ನೂರು ಬಿರುಕುಗಳಿರುತ್ತವೆ. ಹಾಗಾಗಿ ಈ ಒಂದು ಸಂದಿ ಮುಚ್ಚಿದರೆ ಒಲೆಗೆ ಉಸಿರು ಕಟ್ಟುವುದಿಲ್ಲ.

ಮುಚ್ಚಬೇಕಾದ್ದಕ್ಕೆ ಚಳಿಗಿಂತ ದೊಡ್ಡ ಕಾರಣವೊಂದಿದೆ. ಒಲೆಯ ಬಾಗಿಲು ತೆರೆದಾಗ ಸಿಡಿದ ಒಂದು ಕೆಂಡ ಆ ಸಂದಿಯೊಳಗೆ ಬಿದ್ದರೆ? ಕೆಳಗೆ ವರ್ಷಗಳ ಧೂಳು, ಮರದ ಹೊಟ್ಟು, ಇಲಿಯ ಗೂಡು. ಊದಲು ಗಾಳಿಯೂ ಸಿದ್ಧವಾಗಿದೆ. ಕಣ್ಣಿಗೆ ಕಾಣದ ಕಡೆ ಹೊತ್ತಿಕೊಂಡ ಬೆಂಕಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಫೋಮ್ ಯಾಕೆ ಬೇಡ?

ಆ ಡಬ್ಬಿಯೊಳಗಿನದು ಪಾಲಿಯುರೆಥೇನ್. ಗಾಳಿ ತಡೆಯುವುದರಲ್ಲಿ ಅದು ಬಹಳ ಒಳ್ಳೆಯದು. ಕಿಟಕಿಯ ಚೌಕಟ್ಟಿನ ಸುತ್ತ ಹಾಕಲು ಅಡ್ಡಿಯಿಲ್ಲ. ಆದರೆ ಅದು ಉರಿಯುವ ವಸ್ತು. ಉರಿದಾಗ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಎಂಬ ಘೋರ ವಿಷಾನಿಲವನ್ನೂ ಬಿಡುತ್ತದೆ. ಬೆಂಕಿ ತಡೆಯುವುದೆಂದು ಕಿತ್ತಳೆ ಬಣ್ಣದಲ್ಲಿ ಮಾರುವ ಫೋಮ್ ಕೂಡ ಉರಿಯುವಂಥದ್ದೇ. ಗೋಡೆಯಲ್ಲಿ ತಂತಿ, ಕೊಳವೆ ಹಾದುಹೋಗುವ ತೂತು ಮುಚ್ಚಲು ಅದು ಇರುವುದೇ ಹೊರತು ಒಲೆಯ ಬುಡಕ್ಕಲ್ಲ.

ಮರದ ವಿಷಯವನ್ನೂ ತಿಳಿಯಬೇಕು. ಹೊಸ ಮರ ಹೊತ್ತಿಕೊಳ್ಳಲು ಸಾಮಾನ್ಯವಾಗಿ 250 ಡಿಗ್ರಿಗೂ ಹೆಚ್ಚಿನ ಉಷ್ಣತೆ ಬೇಕು. ಆದರೆ ವರ್ಷಗಟ್ಟಲೆ ಬಿಸಿ ತಿಂದ ಮರ ಒಳಗೊಳಗೇ ಕಪ್ಪಾಗಿ ಇದ್ದಿಲಿನ ಗುಣ ಪಡೆಯುತ್ತದೆ. ಆಗ ಅದು ಎಷ್ಟೋ ಕಡಿಮೆ ಉಷ್ಣತೆಯಲ್ಲೇ ಹೊತ್ತಿಕೊಳ್ಳಬಲ್ಲದು. "ಇಪ್ಪತ್ತು ವರ್ಷದಿಂದ ಏನೂ ಆಗಿಲ್ಲ" ಎಂಬ ಮಾತು ಒಲೆಯ ಪಕ್ಕದ ಮರದ ವಿಷಯದಲ್ಲಿ ಧೈರ್ಯದ ಮಾತಲ್ಲ.

ಅಳತೆಪಟ್ಟಿ ಹೇಳಿದ್ದು

ಅವಳು ಅಳತೆಪಟ್ಟಿ ತಂದಳು. ಒಲೆಯ ಬಾಗಿಲಿನಿಂದ ಸಂದಿಗೆ ಎಷ್ಟು ದೂರ ಎಂದು ಕೇಳಿದೆ. "ಒಂದು ಅಡಿ ಸಾರ್. ಮೂವತ್ತು ಸೆಂಟಿಮೀಟರ್."

ತೊಂದರೆ ಅಲ್ಲೇ ಇತ್ತು. ಸೌದೆ ಹಾಕುವ ಬಾಗಿಲಿನ ಮುಂದೆ ಕಡೇಪಕ್ಷ ಹದಿನೆಂಟು ಅಂಗುಲ, ಅಂದರೆ ಸುಮಾರು 45 ಸೆಂಟಿಮೀಟರ್‌ವರೆಗೆ ಉರಿಯದ ನೆಲ ಇರಬೇಕೆಂಬುದು ಉತ್ತರ ಅಮೆರಿಕದಲ್ಲಿ ರೂಢಿಯಲ್ಲಿರುವ ಅಳತೆ. ಒಲೆಯ ಕೈಪಿಡಿ ಹೆಚ್ಚು ಕೇಳಿದರೆ ಕೈಪಿಡಿಯ ಮಾತೇ ಅಂತಿಮ. ಇವರ ಸಂದಿ, ಅದರಾಚೆಯ ಒಂದಷ್ಟು ಹಲಗೆ, ಎಲ್ಲವೂ ಕಿಡಿ ಬೀಳುವ ಜಾಗದೊಳಗೇ ಇದ್ದವು. ಚಳಿ ತಡೆಯಲು ಹೊರಟವಳಿಗೆ ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದು ಕಂಡಿತು.

ನಾವು ಗೊತ್ತು ಮಾಡಿದ ಕ್ರಮ ಹೀಗೆ:

ಮೊದಲನೆಯದಾಗಿ, ಒಲೆ ಪೂರ್ತಿ ಆರಬೇಕು. ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್ಟಿಗೆ ತುಂಬಿ ಮನೆಯ ಹೊರಗೆ, ಮರದ ಜಗಲಿಯಿಂದ ದೂರ ಇಡಬೇಕು. ಆಮೇಲೆ ಸಂದಿಯ ಧೂಳು, ಕಸವನ್ನೆಲ್ಲ ತೆಗೆಯಬೇಕು. ಹಳೆಯ ಒಲೆಗಳ ಕೆಳಗೆ ಬೂದು ಬಣ್ಣದ ಹಲಗೆಯಂಥ ವಸ್ತು ಸಿಕ್ಕರೆ ಅದು ಕಲ್ನಾರು ಇರಬಹುದು. ಅದನ್ನು ಒಡೆಯಬಾರದು, ಕೆರೆಯಬಾರದು, ಪರೀಕ್ಷೆ ಮಾಡಿಸಬೇಕು.

ಎರಡನೆಯದು, ಸಂದಿಗೆ ಬಂಡೆ ಉಣ್ಣೆ ತುಂಬುವುದು. ಬಸಾಲ್ಟ್‌ನಂಥ ಕಲ್ಲನ್ನು ಕರಗಿಸಿ ನೂಲಿನಂತೆ ಎಳೆದು ಮಾಡಿದ ಹತ್ತಿಯಂಥ ವಸ್ತು ಇದು. ಸಾವಿರ ಡಿಗ್ರಿಯಲ್ಲೂ ಕರಗುವುದಿಲ್ಲ. ಕೈಗವಸು, ಮೂಗಿಗೆ ಮುಸುಕು ಹಾಕಿಕೊಂಡು, ಮೇಲೆ ಒಂದು ಸೆಂಟಿಮೀಟರ್ ಜಾಗ ಬಿಟ್ಟು ತುಂಬಬೇಕು. ಇದು ಕೆಂಡವನ್ನು ತಡೆಯುತ್ತದೆ. ಆದರೆ ನಾರಿನ ನಡುವೆ ಗಾಳಿ ನುಸುಳುತ್ತದೆ, ಆದ್ದರಿಂದ ಇಷ್ಟೇ ಸಾಲದು.

ಮೂರನೆಯದು, ಅದರ ಮೇಲೆ ಶಾಖ ತಡೆಯುವ, ಬೆಂಕಿಯ ಪರೀಕ್ಷೆಯಲ್ಲಿ ಪಾಸಾದ, ರಬ್ಬರಿನಂತೆ ಬಾಗುವ ಅಂಟುಮೇಣದ ಪದರ. "ಸಿಮೆಂಟ್ ಹಾಕಿದರೆ ಆಗದೇ ಸಾರ್?" ಎಂದು ಕೇಳಿದಳು. ಆಗದು. ನಮ್ಮ ಮಲೆನಾಡಿನಲ್ಲಿ ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಸಲೀಸಾಗಿ ಮುಚ್ಚುತ್ತದೆ. ಮರದ ತೇವಾಂಶ ನಾಲ್ಕು ಶೇಕಡಾ ಬದಲಾದರೆ ಹಲಗೆಯ ಅಗಲ ಸುಮಾರು ಒಂದು ಶೇಕಡಾ ಬದಲಾಗುತ್ತದೆ. ಹತ್ತು ಸೆಂಟಿಮೀಟರ್ ಹಲಗೆಗೆ ಒಂದು ಮಿಲಿಮೀಟರ್. ಇಟ್ಟಿಗೆ ಹಾಗೆ ಕದಲುವುದಿಲ್ಲ. ಒಂದು ಪಕ್ಕ ಕದಲುವ, ಇನ್ನೊಂದು ಪಕ್ಕ ಕದಲದ ಸಂದಿಗೆ ಗಡಸು ಸಿಮೆಂಟ್ ಹಾಕಿದರೆ ಒಂದೇ ಚಳಿಗಾಲಕ್ಕೆ ಬಿರುಕು ಬಿಡುತ್ತದೆ.

ನಾಲ್ಕನೆಯದು, ಇದೆಲ್ಲದರ ಮೇಲೆ ಒಲೆಯ ಮುಂದಿನ ಹಲಗೆಯನ್ನೂ ಸಂದಿಯನ್ನೂ ಸೇರಿಸಿ ಮುಚ್ಚುವಂತೆ ಉರಿಯದ ಹಾಸು. ಒಲೆಗೆಂದೇ ಸಿಗುವ ಲೋಹದ ಅಥವಾ ಕಲ್ಲಿನ ಹಾಸುಗಳಿವೆ. ಅದನ್ನು ಎರಡೂ ಕಡೆ ಬಿಗಿಯಬಾರದು, ಮರ ಕದಲಲು ಬಿಡಬೇಕು. ಕೆಲಸವಾದ ಮೇಲೆ ಒಲೆಯನ್ನು ಚೆನ್ನಾಗಿ ಉರಿಸಿ, ಒಂದೆರಡು ಗಂಟೆಯ ನಂತರ ಹತ್ತಿರದ ಮರದ ಉಷ್ಣತೆ ಅಳೆಯಬೇಕು. ಕೋಣೆಗಿಂತ 50 ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿದ್ದರೆ ಹಾಸು ಸಾಲದು, ಒಲೆ ಮರಕ್ಕೆ ತೀರ ಹತ್ತಿರವಿದೆ ಎಂದರ್ಥ. ಕೊನೆಗೆ, ಚಿಮಣಿ ಶುದ್ಧಿ ಮಾಡುವ ಅಲ್ಲಿನ ಪರಿಣತರಿಗೆ ಒಮ್ಮೆ ತೋರಿಸಬೇಕು. ಏಳು ಸಮುದ್ರದಾಚೆ ಕುಳಿತ ಮೇಷ್ಟರ ಮಾತೇ ಕೊನೆಯದಾಗಬಾರದು.

ಫ್ರಾಂಕ್ಲಿನ್ ಮಾಡಿದ ಪರೀಕ್ಷೆ

"ಹಾಗಿದ್ದರೆ ಸಾರ್, ಇದೇ ಉತ್ಸಾಹದಲ್ಲಿ ಮನೆಯ ಎಲ್ಲ ಸಂದಿಗಳನ್ನೂ ಮುಚ್ಚಿಬಿಡುತ್ತೇವೆ" ಎಂದಳು. ಆಗ ನಾನು ಬೆಂಜಮಿನ್ ಫ್ರಾಂಕ್ಲಿನ್‌ನ ಹೆಸರು ಎತ್ತಿದೆ. ಗಾಳಿಪಟದ ಫ್ರಾಂಕ್ಲಿನ್ ನಮಗೆಲ್ಲ ಗೊತ್ತು. ಆತ ಒಲೆಗಳ ಬಗ್ಗೆಯೂ ಬಹಳ ತಲೆ ಕೆಡಿಸಿಕೊಂಡಿದ್ದ. 1744ರಲ್ಲಿ ತನ್ನ ಹೊಸ ಒಲೆಯ ಬಗ್ಗೆ ಪುಸ್ತಿಕೆಯನ್ನೇ ಪ್ರಕಟಿಸಿದ. ಆ ಒಲೆಗೆ ನೆಲದ ಕೆಳಗಿನಿಂದ ಗಾಳಿ ಬರುವ ದಾರಿ ಮಾಡಿ, ಆ ಗಾಳಿ ಒಲೆಯೊಳಗಿನ ಪೆಟ್ಟಿಗೆಯಲ್ಲಿ ಬಿಸಿಯಾಗಿ ಕೋಣೆಗೆ ಬರುವಂತೆ ಏರ್ಪಡಿಸಿದ್ದ. ನೆಲದ ತೂತು ಅವನಿಗೆ ಶತ್ರುವಾಗಿರಲಿಲ್ಲ; ಎಲ್ಲಿರಬೇಕೋ ಅಲ್ಲಿರಬೇಕು, ಅಷ್ಟೆ. ಆ ಒಲೆಗೆ ಪೇಟೆಂಟ್ ಕೊಡುತ್ತೇವೆಂದರೂ ಅವನು ಬೇಡವೆಂದ.

1785ರಲ್ಲಿ ಯೂರೋಪಿನಿಂದ ಅಮೆರಿಕಕ್ಕೆ ಹಡಗಿನಲ್ಲಿ ಮರಳುತ್ತಿದ್ದಾಗ ಫ್ರಾಂಕ್ಲಿನ್ ಹೊಗೆ ಕಾರುವ ಚಿಮಣಿಗಳ ಬಗ್ಗೆ ಒಂದು ದೀರ್ಘ ಪತ್ರ ಬರೆದ. ಬರೆದದ್ದು ಯಾರಿಗೆ ಗೊತ್ತೇ? ಇಂಗೆನ್‌ಹೌಸ್‌ಗೆ. ಸಸ್ಯಗಳು ಬೆಳಕಿನಲ್ಲಿ ಮಾತ್ರ ಆಮ್ಲಜನಕ ಬಿಡುತ್ತವೆಂದು 1779ರಲ್ಲಿ ತೋರಿಸಿದ, ನಿಮ್ಮ ಜೀವಶಾಸ್ತ್ರದ ಪಾಠದ ಅದೇ ಇಂಗೆನ್‌ಹೌಸ್! ಕೋಣೆಗೆ ಎಷ್ಟು ಗಾಳಿ ಬೇಕೆಂದು ಅಳೆಯುವ ಉಪಾಯ ಆ ಪತ್ರದಲ್ಲಿದೆ. ಬೆಂಕಿ ಉರಿಯುವಾಗ ಬಾಗಿಲನ್ನು ಮೆಲ್ಲಗೆ ಮುಚ್ಚುತ್ತ ಬನ್ನಿ. ಹೊಗೆ ಕೋಣೆಗೆ ಬರತೊಡಗಿದಾಗ ಬಾಗಿಲನ್ನು ಸ್ವಲ್ಪವೇ ತೆರೆದು, ಹೊಗೆ ನಿಲ್ಲುವ ಕಡೆ ಬಿಡಿ. ಆ ಸಂದಿಯನ್ನು ಅಳೆಯಿರಿ. ಎಂಟು ಅಡಿ ಎತ್ತರದ ಬಾಗಿಲಿನಲ್ಲಿ ಅರ್ಧ ಅಂಗುಲ ಸಂದಿಯಾದರೆ 48 ಚದರ ಅಂಗುಲ. ಆರು ಅಂಗುಲಕ್ಕೆ ಎಂಟು ಅಂಗುಲದ ಕಿಂಡಿಯೊಂದು ಆ ಬೆಂಕಿಗೆ ಬೇಕು. ಎಷ್ಟು ಸರಳ, ಎಷ್ಟು ಸ್ಪಷ್ಟ! ಬಾಗಿಲಿರುವ ಈಗಿನ ಒಲೆಗಳಿಗೆ ಇಷ್ಟು ಬೇಡ. ಆದರೆ ಪೂರ್ತಿ ಬಿಗಿದ ಮನೆಯಲ್ಲಿ ಅಡುಗೆಮನೆಯ ದೊಡ್ಡ ಫ್ಯಾನ್ ಗಂಟೆಗೆ ನೂರಾರು ಘನಮೀಟರ್ ಗಾಳಿಯನ್ನು ಹೊರಗೆ ದೂಡಿದರೆ, ಆ ಗಾಳಿಯ ಬದಲಿಗೆ ಚಿಮಣಿಯಿಂದಲೇ ಹೊಗೆ ಕೆಳಗಿಳಿಯಬಹುದು.

ಇದು ಹೆಚ್ಚು ಅಪಾಯವಾಗುವುದು ಜ್ವಾಲೆ ಇರುವಾಗಲ್ಲ, ನಡುರಾತ್ರಿ ಕೆಂಡವಷ್ಟೇ ಉಳಿದಾಗ. ಆಗ ಚಿಮಣಿ ತಣ್ಣಗಾಗಿ ಅದರ ಸೆಳೆತ ಕುಗ್ಗಿರುತ್ತದೆ. ಅದೇ ಹೊತ್ತಿಗೆ ಕೆಂಡ ಕಾರ್ಬನ್ ಮಾನಾಕ್ಸೈಡನ್ನು ಹೆಚ್ಚು ಹುಟ್ಟಿಸುತ್ತದೆ. ಹೊಗೆಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ, ಮನೆಯವರು ನಿದ್ರೆಯಲ್ಲಿರುತ್ತಾರೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಆದ್ದರಿಂದ ಆ ಮನೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಕೇಬೇಕು, ಮಲಗುವ ಕೋಣೆಯ ಹತ್ತಿರವೂ ಒಂದು.

ನಾನು ಮುಚ್ಚಿದ ಸಂದಿ

ಇಷ್ಟು ಹೇಳಿದ ಮೇಲೆ ನನ್ನದೊಂದು ತಪ್ಪನ್ನು ಅವಳಿಗೆ ಹೇಳಿದೆ, ನಿಮಗೂ ಹೇಳುತ್ತೇನೆ.

1997ರ ಮಳೆಗಾಲ. ನನ್ನ ಹೆಂಡತಿ ಬಾಣಂತನಕ್ಕೆ ಮಲೆನಾಡಿನ ತವರಿಗೆ ಹೋಗಿದ್ದಳು. ರೂಢಿಯಂತೆ ಬಾಣಂತಿ ಕೋಣೆಯ ಕಿಟಕಿಗಳೆಲ್ಲ ಮುಚ್ಚಿದ್ದವು, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಮಗು ನೋಡಲು ಹೋದ ನನಗೆ ಬಾಗಿಲಿನ ಕೆಳಗಿನಿಂದ ಥಂಡಿ ಗಾಳಿ ಬರುವುದು ಕಂಡಿತು. ಗೋಣಿತಾಟು ಮಡಚಿ ಸಂದಿಗೆ ಚೆನ್ನಾಗಿ ತುರುಕಿದೆ. ಮಗುವಿಗೆ ಚಳಿಯಾಗದಿರಲೆಂದು.

ಬೆಳಗಿನ ಜಾವಕ್ಕೆ ಹೆಂಡತಿಗೆ ಸಿಡಿಯುವ ತಲೆನೋವು, ವಾಂತಿ. ಮಗು ಹಾಲಿಗೂ ಏಳದೆ ಮಂಕಾಗಿ ಮಲಗಿತ್ತು. ಶೀತ ಎಂದರು, ನಂಜು ಎಂದರು. ನಾನೂ ತಲೆಯಾಡಿಸಿದೆ. ಅಷ್ಟರಲ್ಲಿ ಬಾಣಂತಿಗೆ ನೀರು ಹಾಕಲು ಬರುತ್ತಿದ್ದ ಅಜ್ಜಿ ಬಂದರು. ಒಳಗೆ ಕಾಲಿಟ್ಟವರೇ ಗೋಣಿತಾಟನ್ನು ಎಳೆದು ಹಾಕಿ, ಕಿಟಕಿ ತೆರೆದು, ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಒಯ್ದರು. "ಕೆಂಡ ಇಟ್ಟ ಕೋಣೆಗೂ ಉಸಿರು ಬೇಕು ಮೇಷ್ಟ್ರೇ" ಎಂದರು. ಗಂಟೆಯೊಳಗೆ ತಲೆನೋವು ಇಳಿಯಿತು, ಮಗು ಅತ್ತಿತು. ಆ ಅಳುವಿನಷ್ಟು ಒಳ್ಳೆಯ ಸದ್ದನ್ನು ನಾನು ಮತ್ತೆ ಕೇಳಿಲ್ಲ.

ಆಗ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಲಿಲ್ಲ, ಅದು ಎರಡನೆಯ ತಪ್ಪು. ಆದರೆ ಲಕ್ಷಣಗಳೆಲ್ಲ ಕಾರ್ಬನ್ ಮಾನಾಕ್ಸೈಡಿನವೇ. ಕೆಂಡದ ತಳದಲ್ಲಿ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಮೇಲಿನ ಕಾದ ಇದ್ದಿಲನ್ನು ಹಾದುಬರುವಾಗ ಮಾನಾಕ್ಸೈಡ್ ಆಗುತ್ತದೆ, ಕೆಂಡದ ಮೇಲೆ ಕಾಣುವ ನೀಲಿ ಜ್ವಾಲೆ ಅದೇ ಎಂದು ಕಪ್ಪುಹಲಗೆಯ ಮೇಲೆ ಬರೆದು ಪಾಠ ಮಾಡುತ್ತಿದ್ದವನು ನಾನೇ. ಪಾಠ ಶಾಲೆಯಲ್ಲೇ ಉಳಿದಿತ್ತು, ಮನೆಗೆ ಬಂದಿರಲಿಲ್ಲ.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಬೇಡ. ಬಿಸಿನೀರಿನ ಚೀಲ, ಉಣ್ಣೆಯ ಬಟ್ಟೆ ಸಾಕು. ಚಳಿಗೆ ಇದ್ದಿಲು ಹೊತ್ತಿಸಿಕೊಂಡು ಬಾಗಿಲು ಹಾಕಿ ಮಲಗಲೇಬಾರದು. ಸಣ್ಣ ಸ್ನಾನದ ಮನೆಯೊಳಗೇ ಗ್ಯಾಸ್ ಗೀಸರ್ ಇದ್ದರೆ ಅದನ್ನು ಹೊರಗೆ ಸಾಗಿಸಿ. ಅಲ್ಲಿಯವರೆಗೆ ಗಾಳಿಕಿಂಡಿಗೆ ರಟ್ಟು ಹೊಡೆಯಬೇಡಿ. ಕೆಂಡವೋ ಗ್ಯಾಸೋ ಉರಿಯುವ ಮುಚ್ಚಿದ ಕೋಣೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು ಬಂದರೆ ಅದನ್ನು ಶೀತ ಎನ್ನಬೇಡಿ. ಎಲ್ಲರೂ ಹೊರಗೆ ಬನ್ನಿ, ವೈದ್ಯರಲ್ಲಿಗೆ ಹೋಗಿ.

ಮುಚ್ಚಬೇಕಾದ ಸಂದಿ ಬೇರೆ, ಬಿಡಬೇಕಾದ ಸಂದಿ ಬೇರೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಹಳ್ಳಿಗಳಿಗೆ ಕೊಟ್ಟ ಅಸ್ತ್ರ ಒಲೆಯನ್ನು ನೋಡಿದವರಿಗೆ ಇದು ಗೊತ್ತು. ಪಾತ್ರೆ ಕೂರುವ ಕಡೆ ಹೊಗೆ ನುಸುಳದಂತೆ ಬಿಗಿ, ಸೌದೆಯ ಬುಡದಲ್ಲಿ ಗಾಳಿಗೆ ದಾರಿ, ಹೊಗೆಗೆ ಚಿಮಣಿ.

ಮಾಡಿ ನೋಡಿ

ಮಕ್ಕಳೇ, ಬಚ್ಚಲಿನ ಹಂಡೆಯ ಒಲೆ ಉರಿಯುವಾಗ ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಬಾಗಿಲನ್ನು ನಾಲ್ಕು ಬೆರಳು ತೆರೆದಿಟ್ಟು, ಹೊತ್ತಿಸಿದ ಊದುಬತ್ತಿಯನ್ನು ಸಂದಿಯ ಕೆಳತುದಿಯಲ್ಲಿ ಹಿಡಿಯಿರಿ, ಆಮೇಲೆ ಮೇಲ್ತುದಿಯಲ್ಲಿ. ಕೆಳಗೆ ಹೊಗೆ ಒಳಕ್ಕೆ ಬಾಗುತ್ತದೆಯೇ? ಮೇಲೆ ಹೊರಕ್ಕೆ ಹೋಗುತ್ತದೆಯೇ? ನಡುವೆ ಎಲ್ಲೋ ಒಂದು ಕಡೆ ಎತ್ತಲೂ ಬಾಗದೆ ನಿಲ್ಲುವ ಜಾಗ ಸಿಗುತ್ತದೆಯೇ? ಹಂಡೆಯ ಒಲೆಗೆ ಚಿಮಣಿ ಇರುವ ಮನೆಯಲ್ಲಿ, ಇಲ್ಲದ ಮನೆಯಲ್ಲಿ ಏನು ವ್ಯತ್ಯಾಸ? ನೋಡಿದ್ದನ್ನು ಚಿತ್ರ ಬರೆದು ಗುರುತು ಮಾಡಿ.

ವರ್ಮಾಂಟ್‌ನಿಂದ ಮೂರು ವಾರದ ಮೇಲೆ ಮತ್ತೆ ಫೋನ್ ಬಂತು. ಸಂದಿ ಮುಚ್ಚಿದೆ, ಒಲೆಯ ಮುಂದೆ ಹಾಸು ಬಂದಿದೆ, ಅಲಾರಂ ಎರಡು ಹಾಕಿದ್ದಾರೆ. ಫೋಮ್ ಡಬ್ಬಿಗಳನ್ನು ಅಂಗಡಿಗೆ ಹಿಂದಿರುಗಿಸಿದರಂತೆ. ಚಿಮಣಿಯವನು ಬಂದು ನೋಡಿ, ಸಂದಿಯ ಅಂಚಿನ ಒಂದು ಹಲಗೆಯನ್ನು ಎತ್ತಿ ತೋರಿಸಿದನಂತೆ. ಅದರ ತಳಭಾಗದಲ್ಲಿ ಅಂಗೈ ಅಗಲ ಸುಟ್ಟು ಕಪ್ಪಾದ ಗುರುತು. ಯಾವ ಕಾಲದ್ದೋ, ಯಾರು ಈ ಮನೆಯಲ್ಲಿದ್ದಾಗ ಬಿದ್ದ ಕಿಡಿಯೋ ಗೊತ್ತಿಲ್ಲ.

"ಆ ಹಲಗೆ ಬದಲಾಯಿಸಿದಿರಾ?" ಎಂದು ಕೇಳಿದೆ.

"ಬದಲಾಯಿಸಿದೆವು ಸಾರ್. ಹಳೆಯದನ್ನು ಎಸೆಯಲಿಲ್ಲ, ಇಟ್ಟುಕೊಂಡಿದ್ದೇನೆ. ಮಗಳು ದೊಡ್ಡವಳಾದ ಮೇಲೆ ತೋರಿಸಬೇಕು" ಎಂದಳು.